ಕಿವಿಗೊಂದು ಸೌತೆಕಾಯಿ

"ಕಚ್ಚೇ, ಕಿವೀಲಾದ್ರೂ ತಿಂತೀನಿ," ಎಂದಳು ಅಮ್ಮ. ಗಂಟಲ ಕಾಯಿಲೆಯಿಂದ ಅವಳ ಬಾಯಿಗೆ ಅನ್ನ ಸೇರದೆ ತಿಂಗಳಾಗಿತ್ತು. ಹೊಟ್ಟೆಗೆ ಇಳಿಬಿಟ್ಟ ನಳಿಗೆಯೇ ಗತಿ.

ಮೂರು ದಿನ ಫ್ರಿಜ್ಜಿನಲ್ಲಿ ವಿನೆಗರು, ಸಬ್ಬಸಿಗೆಯ ಜೊತೆ ನೆನೆದಿದ್ದ ಎಳೆ ಸೌತೆಕಾಯನ್ನು ಮಗಳು ಅಮ್ಮನ ಕಿವಿಯ ಪಕ್ಕದಲ್ಲೇ ಕಚ್ಚಿದಳು. ಸದ್ದೇ ಬರಲಿಲ್ಲ, ಕಾಯಿ ಬೆಂದಂತೆ ಮೆತ್ತಗಾಗಿತ್ತು. ಗಾಬರಿಯಾಗಿ ನಾಲಿಗೆಯನ್ನು ಅಂಗುಳಕ್ಕೆ ಬಡಿದು 'ಕಟುಂ' ಎನಿಸಿದಳು.

ಅಮ್ಮ ಕಣ್ಣು ಮುಚ್ಚಿಯೇ ನಕ್ಕಳು. "ಕಾಯಿಗೆ ಹೂವಿದ್ದ ತುದಿ ಕತ್ತರಿಸಿಲ್ಲ, ಅಲ್ವೇನೇ ಕಳ್ಳಿ? ಅದನ್ನ ಹಾಗೇ ಬಿಟ್ರೆ ಕಾಯಿ ಮೆತ್ತಗಾಗುತ್ತೆ ಅಂತ ಎಷ್ಟು ಸಲ ಬಡ್ಕೊಂಡಿದ್ದೆ!"

"ಇನ್ನೊಂದು ಬಾಟಲಿ ಹಾಕ್ತೀನಮ್ಮ. ಮೂರೇ ದಿನ."

ಅಮ್ಮ ತಡಕಾಡಿ ಅವಳ ಕೈ ಹಿಡಿದಳು. "ಮೂರು ದಿನದ ಮಾತು ಬೇಡ ಕಣೇ. ಈಗ್ಲೇ, ಇನ್ನೊಂದ್ಸಲ, ನಾಲಿಗೇಲೇ ಸದ್ದು ಮಾಡು."