ಸುಗಲಾಳ ಬೆಂಚು

ಮೇ ತಿಂಗಳ ರಾಯಚೂರು. ಹತ್ತನೆಯ ತರಗತಿಯ ಬೇಸಿಗೆ ಪಾಠಕ್ಕೆ ಬಂದ ಹುಡುಗಿಯರೆಲ್ಲ ಸುಗಲಾಳ ಬೆಂಚಿಗೇ ಮುಗಿಬೀಳುತ್ತಿದ್ದರು. ಮನಸ್ಸು ಕುಗ್ಗಿದವರ ಸುತ್ತ ಗಾಳಿ ತಣ್ಣಗಾಗುತ್ತದಲ್ಲ, ಸುಗಲಾಳ ಸುತ್ತ ಎರಡು ವರ್ಷದಿಂದ ಹಾಗೇ ಇತ್ತು. ಅವಳ ಕಾಲ ಬಳಿ ಬಾಟಲಿ ಇಟ್ಟರೆ ಸಾಕು, ನೀರು ಫ್ರಿಜ್ಜಿನಿಂದ ತೆಗೆದಂತೆ ಇರುತ್ತಿತ್ತು.

ಡಿಸೆಂಬರಿನಲ್ಲಿ ಇದೇ ಹುಡುಗಿಯರು, "ಅಕಿಗೆ ಸೊಕ್ಕು, ಯಾರ ಜೋಡಿನೂ ಮಾತಾಡಂಗಿಲ್ಲ. ಬಾಜೂ ಕುಂತ್ರ ಅಕಿ ಥಂಡಿ ನಮಗೂ ಅಂಟತದ" ಎಂದು ದೂರ ಸರಿದಿದ್ದರು. ಆಗ ಪಕ್ಕದಲ್ಲಿ ಕೂತವಳು ತಾಹೇರಾ ಒಬ್ಬಳೇ. ಅಜ್ಜಿಯ ಉಣ್ಣೆ ಶಾಲು ಹೊದ್ದರೂ ಅವಳ ಹಲ್ಲು ಕಟಕಟ ಎನ್ನುತ್ತಿದ್ದವು.

ಇವತ್ತು ಗಣಿತದ ಪಾಠ ಮುಗಿದ ಮೇಲೆ ಒಬ್ಬಳು ಬಾಟಲಿ ಎತ್ತಿ ಕುಡಿದು ಮುಖ ಕಿವುಚಿದಳು.

"ಏನೇ ಸುಗಲಾ, ನೀರು ಬೆಚ್ಚಗ ಅದಾವಲ್ಲ!"

"ನನಗೇನ್ ಗೊತ್ತು?" ಎಂದಳು ಸುಗಲಾ.

ಹುಡುಗಿಯರು ಗೊಣಗುತ್ತ ತಮ್ಮ ತಮ್ಮ ಬಾಟಲಿ ಎತ್ತಿಕೊಂಡು ಫ್ಯಾನಿನ ಕೆಳಗೆ ಹೋದರು. ಬೆಂಚು ಡಿಸೆಂಬರಿನಂತೆಯೇ ಖಾಲಿಯಾಯಿತು. ತಾಹೇರಾ ಮಾತ್ರ ಏಳಲಿಲ್ಲ. ಗೆಳತಿಯ ಹಣೆಯನ್ನೇ ನೋಡುತ್ತಿದ್ದಳು.

"ಬೆವರಾಕತ್ತೀಯಲ್ಲೇ!"

"ಹೂಂ. ಸೆಕಿ ಅಂದ್ರ ಹಿಂಗಿರತದ ಅನ್ನೋದೇ ಮರ್ತಿದ್ದೆ." ಸುಗಲಾ ಹಣೆ ಒರೆಸಿಕೊಳ್ಳಲಿಲ್ಲ, ಬೆವರು ಇಳಿಯಲು ಬಿಟ್ಟು ನಕ್ಕಳು. "ನೀನೂ ಫ್ಯಾನಿನ ಕೆಳಗ ಹೋಗು."

ತಾಹೇರಾ ನೋಟ್‌ಬುಕ್ಕಿನಿಂದ ಇಬ್ಬರಿಗೂ ಗಾಳಿ ಬೀಸತೊಡಗಿದಳು. ಅವಳ ಚೀಲದಿಂದ ಶಾಲಿನ ಅಂಚು ಇಣುಕುತ್ತಿತ್ತು.

"ಈ ಬಿಸಿಲಾಗ ಇದ್ಯಾಕ ತಂದೀ?"

"ಇರಲಿ ಬಿಡು," ಎಂದಳು ತಾಹೇರಾ. "ನೀ ಮತ್ತ ತಣ್ಣಗಾದ್ರ ನನಗ ಬೇಕಲ್ಲ?"