ಬಾಗಿಲಿನ ಈಚೆ

ನೌಕಾಪಡೆಯ ರಿಯರ್ ಅಡ್ಮಿರಲ್ ಆದಿನಾರಾಯಣರಿಗೆ ಸನ್ಮಾನದ ಶಾಲು ಹೊದಿಸಿದ ಮೇಲೂ ದ್ಯಾವಮ್ಮ ವೇದಿಕೆಯಿಂದ ಇಳಿಯಲಿಲ್ಲ. ಅವರ ಎದೆಯ ಮೇಲಿದ್ದ ವಿಶಿಷ್ಟ ಸೇವಾ ಪದಕಕ್ಕೆ ಅಂಗೈ ಒತ್ತಿ ಹಾಗೇ ನಿಂತಳು. ಚಿನ್ನದ ಗಣಿಯ ಊರಾದ ಊರಿಗಾಂನ ಸಭಾಂಗಣದ ತುಂಬ ಚಪ್ಪಾಳೆ.

ಹದಿನಾಲ್ಕು ವರ್ಷದ ಹಿಂದೆ ಅವರ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿದ್ದಾಗ, ಅದು ಹರಡದಂತೆ ಬಾಗಿಲು ಮುಚ್ಚಲು ಅಪ್ಪಣೆ ಕೊಟ್ಟವರು ಅವರೇ. ನೂರಾರು ಜನ ಉಳಿದರು. ಒಳಗಿದ್ದ ನಾವಿಕ ಮುನಿರಾಜ, ಈ ದ್ಯಾವಮ್ಮನ ಮಗ, ಉಳಿಯಲಿಲ್ಲ. ಬಾಗಿಲು ಮುಚ್ಚುವ ಮೊದಲೇ ಅವನ ಉಸಿರು ನಿಂತಿತ್ತು ಎಂದು ಅವಳಿಗೆ ಕಾಗದ ಬರೆದವರೂ ಅವರೇ. ಅಂದಿನಿಂದ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅವರು ಒಂದು ದಿನವೂ ಮಲಗಿಲ್ಲ.

"ಒಂದ್ ಮಾತು ಕೇಳ್ತೀನಿ ಸಾಮಿ," ಎಂದಳು ಮುದುಕಿ, ಅವರಿಗೆ ಮಾತ್ರ ಕೇಳುವಂತೆ. "ನಮ್ ಯಜಮಾನ್ರು ಗಣಿ ಒಳ್ಗೆ ಸಿಕ್ಕಾಕ್ಕೊಂಡಾಗ ಮೂರು ದಿನ ಬಂಡೆ ಕುಟ್ತಾ ಇದ್ರಂತೆ. ಅದನ್ನ ಕೇಳಿಸ್ಕೊಂಡೋರು ನಂಗೆ ಯೋಳಿದ್ದು ಇಪ್ಪತ್ತು ವರ್ಸ ಆದ್ಮೇಲೆ. ನನ್ ಮಗಾನೂ ಬಾಗ್ಲು ಬಡಿದ್ನಾ?"

ಕಾಗದದಲ್ಲಿ ಬರೆದಿದ್ದ ಮಾತೇ ಆದಿನಾರಾಯಣರ ಬಾಯಿಗೆ ಬಂದಿತ್ತು. ಅದನ್ನು ನುಂಗಿಕೊಂಡರು.

"ಬಡಿದ, ಅಮ್ಮಾ. ತುಂಬ ಹೊತ್ತು ಬಡಿದ. ನಾನು ಈಚೆ ಕಡೆ ಬಾಗಿಲಿಗೆ ಕಿವಿಗೊಟ್ಟು ನಿಂತೇ ಇದ್ದೆ."

ಸಭಿಕರ ಚಪ್ಪಾಳೆ ಒಂದೊಂದಾಗಿ ನಿಂತವು. ದ್ಯಾವಮ್ಮ ಪಕ್ಕದ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಏನಂತ ಕೂಗ್ದ? ಒಂದೂ ಬಿಡ್ದಂಗೆ ಯೋಳಪ್ಪ," ಎಂದಳು.