ಹೊಸಬರಿಗೆ ಇದೇ ಸಾಕು

ಯಂತ್ರ ಮತ್ತೆ ಕೂಗಿತು. ಚನ್ನವೀರೇಶ್ ಉಳಿ ಸುತ್ತಿಗೆ ಎತ್ತಿಕೊಂಡು ದೇವರ ಕೋಣೆಯ ನೆಲವನ್ನು ಇನ್ನೊಂದು ಕಡೆ ಒಡೆದ. ಸಿಕ್ಕಿದ್ದು ತುಕ್ಕು ಹಿಡಿದ ಕಂಬಿ. ಬೆಳಗಿನಿಂದ ಇದು ಏಳನೆಯದು. ಅದಕ್ಕೂ ಮೊದಲು ಮೊಳೆಗಳು, ಒಂದು ಚಿಲಕ, ಸೋಡಾ ಬಾಟಲಿಯ ಮುಚ್ಚಳ.

ಬಸವೇಶ್ವರನಗರದ ಆ ಮನೆಗೆ ಉಳಿದಿದ್ದು ಆರೇ ದಿನ. ಬಿಲ್ಡರ್ ಜೊತೆ ಕರಾರಾಗಿತ್ತು, ಸೋಮವಾರ ಜೆಸಿಬಿ ಬರುತ್ತಿತ್ತು. ಅಷ್ಟರೊಳಗೆ ತಾಯಿ ಜಯದೇವಿಯ ಒಡವೆ ಸಿಗಲೇಬೇಕು. ಕಾಸಿನ ಸರ, ನಾಲ್ಕು ಜೊತೆ ಬಳೆ, ಡಾಬು. ಹೋದ ವರ್ಷ ಎಲ್ಲವನ್ನೂ ಲಾಕರಿನಿಂದ ಬಿಡಿಸಿಕೊಂಡು ಬಂದ ಮುದುಕಿ, ಎಲ್ಲಿಟ್ಟೆ ಎಂದರೆ "ನಾನಿರೋವರೆಗೂ ಕೇಳ್ಬೇಡ" ಎನ್ನುತ್ತಿದ್ದಳು. ಯುಗಾದಿ ಕಳೆದ ವಾರ ಲಕ್ವ ಹೊಡೆಯಿತು. ಮಾತು ಹೋಯಿತು, ಬಲಗೈಯೂ ಹೋಯಿತು.

ಆಗಲೇ ಅವನು ಮೆಟಲ್ ಡಿಟೆಕ್ಟರ್ ಕೊಳ್ಳಲು ಹೊರಟಿದ್ದು. ಅಂಗಡಿಯ ಕಶ್ಯಪ್ ಎರಡು ಯಂತ್ರ ತೋರಿಸಿದ.

"ಇದು ಬೆಳ್ಳಿ ಬೇರೆ, ಬಂಗಾರ ಬೇರೆ ಅಂತ ನಂಬರ್ ತೋರ್ಸುತ್ತೆ ಸಾರ್. ರೇಟು ನಾಲ್ಕು ಪಟ್ಟು. ಇನ್ನೊಂದು ಎಲ್ಲದಕ್ಕೂ ಒಂದೇ ಥರ ಕೂಗುತ್ತೆ. ಹೊಸಬರಿಗೆ ಇದೇ ಸಾಕು."

"ಲೋಹ ಸಿಕ್ಕಿದ್ಮೇಲೆ ಬಂಗಾರ ಯಾವ್ದು ಅಂತ ನನ್ನ ಕಣ್ಣಿಗೆ ಗೊತ್ತಾಗಲ್ವೇನ್ರಿ?" ಎಂದು ಚನ್ನವೀರೇಶ್ ಅಗ್ಗದ್ದನ್ನೇ ಕಟ್ಟಿಸಿಕೊಂಡು ಬಂದ. ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡ.

ತಾಯಿಯನ್ನು ಕೇಳದೆ ಬಿಟ್ಟಿದ್ದ ಎಂದಲ್ಲ. ದಿನಕ್ಕೆ ಹತ್ತು ಸಲ ಅವಳ ಮುಖದ ಹತ್ತಿರ ಬಗ್ಗಿ ಕೂಗುತ್ತಿದ್ದ.

"ಅಮ್ಮಾ, ಬಂಗಾರ ಎಲ್ಲಿಟ್ಟೆ? ಕೈಯಲ್ಲಾದ್ರೂ ತೋರ್ಸು!"

ಜಯದೇವಿ ಎಡಗೈಯನ್ನು ಕಷ್ಟಪಟ್ಟು ಎತ್ತುತ್ತಿದ್ದಳು. ಎದೆಯ ಮೇಲೆ ತೂಗುತ್ತಿದ್ದ, ಇಷ್ಟಲಿಂಗವಿಟ್ಟ ಬೆಳ್ಳಿಯ ಕರಡಿಗೆಯನ್ನು ಬಿಗಿಯಾಗಿ ಹಿಡಿದು ಮಗನನ್ನೇ ನೋಡುತ್ತಿದ್ದಳು. ಪ್ರತಿ ಸಲವೂ ಅದೇ.

"ನೋಡೇ, ಲಿಂಗ ಮುಟ್ಟಿ ಆಣೆ ಮಾಡ್ತಾಳೆ, ಗೊತ್ತಿಲ್ಲ ಅಂತ," ಎಂದು ಅವನು ಹೆಂಡತಿ ನಿಖಿತಾಳ ಮುಂದೆ ಹಲ್ಲು ಕಡಿಯುತ್ತಿದ್ದ. "ಸಾಯೋ ಕಾಲದಲ್ಲಿ ಸುಳ್ಳಾಣೆ!"

ಮುದುಕಿಯ ಕಣ್ಣಲ್ಲಿ ನೀರು ಬರುತ್ತಿತ್ತು. ಕರಡಿಗೆಯ ಶಿವದಾರ ಉಜ್ಜಿ ಉಜ್ಜಿ ಅವಳ ಕತ್ತು ಹುಣ್ಣಾಗಿತ್ತು. ಅದಕ್ಕೆ ಮುಲಾಮು ಹಚ್ಚುವುದನ್ನು ನಿಖಿತಾ ಬಿಟ್ಟು ವಾರವಾಗಿತ್ತು.

ಯಂತ್ರದ ಜೊತೆಗೂ ಮುದುಕಿಯದೊಂದು ತಕರಾರು. ಅವಳ ಕುರ್ಚಿಯ ಹತ್ತಿರ ಹೋದರೆ ಸಾಕು, ಅದು ಕಿವಿ ಹರಿಯುವ ಹಾಗೆ ಕಿರುಚುತ್ತಿತ್ತು.

"ಆ ಕರಡಿಗೆ ಒಂದ್ಗಳಿಗೆ ತೆಗೆದಿಡ್ರೀ," ಎಂದಳು ನಿಖಿತಾ.

"ಮೈಮೇಲಿರೋ ಲಿಂಗ ತೆಗೀತಾರೇನೇ? ನಾಳೆ ಜನ ಏನಂತಾರೆ? ಅವಳನ್ನೇ ಆಚೆ ಕೂರ್ಸೋಣ."

ಹಾಗೆ ಜಯದೇವಿ ಕುರ್ಚಿಯ ಸಮೇತ ಅಂಗಳಕ್ಕೆ ಬಂದಳು. ಮೊದಲ ದಿನ ನೆರಳಿತ್ತು. ಮಾರನೆಯ ದಿನ ನಿಖಿತಾ ಒಂದು ಟವೆಲ್ಲನ್ನು ತಲೆಗೆ ಹೊದಿಸಿದಳು. ಮೂರನೆಯ ದಿನ ಇಬ್ಬರೂ ಅಡುಗೆಮನೆಯ ಗೋಡೆ ಒಡೆಯುವ ಗಡಿಬಿಡಿಯಲ್ಲಿದ್ದರು. ಮಧ್ಯಾಹ್ನದ ಬಿಸಿಲಲ್ಲಿ ಮುದುಕಿ ಕರಡಿಗೆಯನ್ನು ಕುರ್ಚಿಯ ಕೈಗೆ ಕುಟ್ಟತೊಡಗಿದಳು. ಟಕ್, ಟಕ್, ಟಕ್. ಚನ್ನವೀರೇಶ್ ಬೈದುಕೊಂಡು ಯಂತ್ರದ ಹೆಡ್‌ಫೋನ್ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಅದನ್ನು ತೆಗೆದಾಗ ಸದ್ದು ನಿಂತಿತ್ತು. ಸದ್ಯ, ಸುಮ್ಮನಾದಳಲ್ಲ ಎಂದುಕೊಂಡ.

ನಾಲ್ಕು ಗಂಟೆಗೆ ಕಾಫಿ ಕೊಡಲು ಹೋದ ನಿಖಿತಾ ಕೂಗಿಕೊಂಡಳು. ಜಯದೇವಿಯ ಎಡಗೈ ಕರಡಿಗೆಯ ಮೇಲೆ ಹಾಗೆಯೇ ಬಿಗಿದುಕೊಂಡಿತ್ತು.

ಸಾವಿಗೆ ಬಂದ ನೆಂಟರು ಒಡೆದ ನೆಲ, ಬಗೆದ ಗೋಡೆ, ಮೂಲೆಗೆ ಒರಗಿಸಿದ್ದ ಯಂತ್ರ ಎಲ್ಲವನ್ನೂ ನೋಡಿದರು. ಗುಸುಗುಸು ರುದ್ರಭೂಮಿಯವರೆಗೂ ಬಂತು. ಚನ್ನವೀರೇಶನಿಗೆ ಬೆನ್ನ ಮೇಲೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಗುಂಡಿಯಲ್ಲಿ ಕೂರಿಸಿದ ದೇಹಕ್ಕೆ ವಿಭೂತಿ ಇಡುತ್ತಾ ಅಯ್ಯನವರು ಹೇಳಿದರು.

"ಲಿಂಗ ಅಂಗೈಲಿ ಇಡ್ತೀವಿ. ಕರಡಿಗೆ ಬೇಕಾದ್ರೆ ನೀವು ತೆಗೆದಿಟ್ಕೊಳ್ಳಿ."

ಚನ್ನವೀರೇಶ್ ಸುತ್ತ ನೋಡಿದ. ಐವತ್ತು ಜೋಡಿ ಕಣ್ಣು ಅವನ ಮೇಲಿದ್ದವು.

"ಬೇಡ ಅಯ್ನೋರೇ. ಅಮ್ಮಂದು ಅಮ್ಮನ ಜೊತೆಗೇ ಹೋಗ್ಲಿ. ಬೆಳ್ಳಿಗೆ ಆಸೆಪಡೋ ಮಗ ನಾನಲ್ಲ," ಎಂದ, ಎಲ್ಲರಿಗೂ ಕೇಳಿಸುವ ಹಾಗೆ.

ಸೋದರಮಾವ ಬಸವಲಿಂಗಪ್ಪ ಕಣ್ಣೊರೆಸಿಕೊಂಡು ಅವನ ಬೆನ್ನು ಸವರಿದರು. ಗುಸುಗುಸು ನಿಂತಿತು. ಹೊಗಳಿಕೆ ತಲೆಗೇರಿ ಅವನು ಮೂರನೆಯ ದಿನವೇ ಸಮಾಧಿಯ ಮೇಲೆ ದಪ್ಪನೆಯ ಕಾಂಕ್ರೀಟ್ ಹಾಕಿಸಿದ.

ಸೋಮವಾರ ಮನೆ ಉರುಳಿತು. ಯಂತ್ರ ಹಿಡಿದು ಎರಡು ದಿನ ಅವಶೇಷದ ಮೇಲೆ ಅಲೆದ. ಕಂಬಿ, ಕಂಬಿ, ಬರೀ ಕಂಬಿ. ಆ ಡಬ್ಬಾ ಯಂತ್ರ ತನಗೆ ಮೋಸ ಮಾಡಿತು ಎಂದು ಕಶ್ಯಪ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ.

ಹನ್ನೊಂದನೆಯ ದಿನ ವಿಜಯನಗರದ ಛತ್ರದಲ್ಲಿ ಶಿವಗಣಾರಾಧನೆ. ಊಟ ಮುಗಿಸಿದ ರಾಜಾಜಿನಗರದ ಅಕ್ಕಸಾಲಿ ಸೇತುರಾಮ ಕೈ ಒರೆಸಿಕೊಳ್ಳುತ್ತಾ ಬಂದು ಅವನನ್ನು ಪಕ್ಕಕ್ಕೆ ಕರೆದ.

"ಕರಡಿಗೆ ಜೋಪಾನ ಸಾರ್. ಕರಗಿಸೋದಾದ್ರೆ ಬೇರೆ ಕಡೆ ಹೋಗ್ಬೇಡಿ, ನನ್ನ ಹತ್ರಾನೇ ತನ್ನಿ."

"ಯಾವ ಕರಡಿಗೆ?"

"ಅದೇ, ಹೋದ ವರ್ಷ ಅಮ್ಮ ಮಾಡಿಸ್ಕೊಂಡಿದ್ದು. ಸರ, ಬಳೆ, ಡಾಬು ಅಷ್ಟನ್ನೂ ಕರಗಿಸಿ ಹೊಯ್ದೆ. ಯಾರ ಕಣ್ಣೂ ಬೀಳ್ಬಾರ್ದು ಅಂತ ಮೇಲೆ ತೆಳ್ಳಗೆ ಬೆಳ್ಳಿ ಲೇಪ ಕೊಡಿಸಿದ್ರು."

ಚನ್ನವೀರೇಶ್ ಅವನ ತೋಳು ಹಿಡಿದುಕೊಂಡ. "ನಂಗೆ... ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

ಸೇತುರಾಮ ನಕ್ಕ. "ಮಗನಿಗೆ ಹೇಳ್ಬೇಡ್ವಾ ಅಂತ ನಾನೂ ಕೇಳ್ದೆ ಸಾರ್. 'ಅವನಿಗೆ ಹೇಳೋದೇ ಬೇಡ ಕಣಪ್ಪಾ, ನನ್ನ ಮಣ್ಣು ಮಾಡೋ ಹೊತ್ತಲ್ಲೂ ಅವನು ಗುಂಜಿ ಬೆಳ್ಳಿ ಬಿಡೋನಲ್ಲ, ತಾನೇ ಬಿಚ್ಕೋತಾನೆ' ಅಂದ್ರು."